ನಳದ ನೀರು, ಬೋರಿನ ನೀರು: ಓದುಗರು ಕೇಳಿದ್ದು, ನಾವು ಹೇಳಿದ್ದು

ಮಳೆಗಾಲ ಶುರುವಾಯಿತು ಅಂದರೆ ಈ ಅಂಕಣಕ್ಕೆ ನೀರಿನ ಪತ್ರಗಳೇ ಜಾಸ್ತಿ. ಈ ಸಲ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯಿಂದ ಬಂದಿವೆ. ಉತ್ತರಕ್ಕೆ ಹೋಗುವ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ, ಮುಂದಿನ ಎಲ್ಲಾ ಉತ್ತರಗಳಿಗೂ ಅದೇ ಬುಡ. ಕುಡಿಯುವ ನೀರು ಮುಖ್ಯವಾಗಿ ಎರಡು ರೀತಿ ಕೆಡುತ್ತದೆ. ಒಂದು, ಹೊಲಸು ಸೇರಿ ರೋಗಾಣು ಬರುವುದು. ಇದು ಎರಡು ದಿನದಲ್ಲೋ ಕೆಲವು ವಾರಗಳಲ್ಲೋ ವಾಂತಿ-ಭೇದಿ, ಟೈಫಾಯ್ಡ್, ಕಾಮಾಲೆ ಅಂತ ತೋರಿಸಿಕೊಳ್ಳುತ್ತದೆ. ಇನ್ನೊಂದು, ನೀರಲ್ಲೇ ಕರಗಿ ಹೋದ ಫ್ಲೋರೈಡ್, ನೈಟ್ರೇಟ್, ಉಪ್ಪಿನಂಶ. ಇದರಲ್ಲಿ ಬಹಳಷ್ಟು ಕಣ್ಣಿಗೆ ಕಾಣುವುದಿಲ್ಲ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಮೊದಲನೆಯದಕ್ಕೆ ಕುದಿಸುವುದೇ ಮದ್ದು. ಎರಡನೆಯದನ್ನು ಕುದಿಸಿದರೆ ನೀರು ಆವಿಯಾಗಿ ಹೋಗಿ ಕರಗಿದ್ದೆಲ್ಲ ಉಳಿದ ನೀರಲ್ಲೇ ಕೂತುಬಿಡುತ್ತದೆ, ಅಂದರೆ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ನಿಮ್ಮ ಮನೆಯ ತೊಂದರೆ ಇವೆರಡರಲ್ಲಿ ಯಾವುದು ಅಂತ ತಿಳಿದುಕೊಳ್ಳದೆ ಮಷೀನಿಗೆ ದುಡ್ಡು ಹಾಕಬೇಡಿ.

ಪ್ರಶ್ನೆ: ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನಳ ಬರುತ್ತದೆ. ಬಂದಾಗ ಮೊದಲು ಹಳದಿ ನೀರು, ಒಂದೊಂದು ಸಲ ಗಟಾರದ ವಾಸನೆ. ಸ್ವಲ್ಪ ಹೊತ್ತಾದ ಮೇಲೆ ತಿಳಿ ನೀರು ಬರುತ್ತದೆ. ನಮ್ಮ ಅತ್ತೆಯವರು ‘ಇದು ಕೃಷ್ಣಾ ಹೊಳಿ ನೀರು, ಏನೂ ಆಗಂಗಿಲ್ಲ’ ಅಂತಾರೆ. ಕುಡಿಯಬಹುದಾ ಅಕ್ಕಾ? ಸೊಸೆ ಬಸುರಿ ಇದ್ದಾಳೆ.
– ಗೃಹಿಣಿ, ವಿಜಯಪುರ

ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಎತ್ತಿದ ನೀರು ವಿಜಯಪುರಕ್ಕೆ ಬರುತ್ತದೆ. ಹೊಳೆ ನೀರನ್ನು ಊರಿಗೆ ಬಿಡುವ ಮುಂಚೆ ಪಟಿಕ ಹಾಕಿ ಕೆಸರು ಕೂರಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್ ಬೆರೆಸುತ್ತಾರೆ. ಅಲ್ಲಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರಬಹುದು. ಕೆಡುವುದು ದಾರಿಯಲ್ಲಿ.

ಹೇಗೆ ಅಂದರೆ, ಪೈಪಿನಲ್ಲಿ ನೀರು ಒತ್ತಡದಿಂದ ತುಂಬಿ ಹರಿಯುತ್ತಿದ್ದಾಗ ಬಿರುಕು ಇದ್ದರೂ ಒಳಗಿನ ನೀರು ಹೊರಗೆ ಚಿಮ್ಮುತ್ತದೆ, ಹೊರಗಿನದು ಒಳಗೆ ಬರಲು ದಾರಿ ಇಲ್ಲ. ವಾಲ್ವ್ ಬಂದ್ ಮಾಡಿದ ಮೇಲೆ ಪೈಪು ಖಾಲಿಯಾಗುತ್ತದೆ. ಆಗ ಸುತ್ತಲಿನ ಮಣ್ಣಿನಲ್ಲಿರುವ ನೀರು, ಪಕ್ಕದ ಗಟಾರದ್ದು, ಒಡೆದ ಚೇಂಬರಿನದ್ದು, ಅದೇ ಬಿರುಕಿನಿಂದ ಒಳಗೆ ಇಳಿಯುತ್ತದೆ. ನಾಲ್ಕು ದಿನ ಅಲ್ಲೇ ಕೂತಿರುತ್ತದೆ. ಐದನೇ ದಿನ ನಳ ಬಂದಾಗ ಮೊದಲು ನಿಮ್ಮ ಕೊಡಕ್ಕೆ ಬೀಳುವುದು ಅದೇ. ಇದು ಊಹೆಯ ಮಾತಲ್ಲ. ನಮ್ಮ ಪಕ್ಕದ ಹುಬ್ಬಳ್ಳಿ-ಧಾರವಾಡದಲ್ಲೇ 24 ತಾಸು ನೀರು ಬರುವ ವಾರ್ಡುಗಳನ್ನೂ, ದಿನ ಬಿಟ್ಟು ಬರುವ ವಾರ್ಡುಗಳನ್ನೂ ಹೋಲಿಸಿ ಸಂಶೋಧಕರು 2013ರಲ್ಲಿ ವರದಿ ಪ್ರಕಟಿಸಿದ್ದಾರೆ. ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ, ಬಿಟ್ಟು ಬಿಟ್ಟು ಬರುವ ನಳಗಳ ಮಾದರಿಯಲ್ಲಿ ಸುಮಾರು 32 ಪ್ರತಿಶತದಲ್ಲಿ ಸಿಕ್ಕಿತ್ತು. 24 ತಾಸಿನ ನಳಗಳಲ್ಲಿ 1 ಪ್ರತಿಶತಕ್ಕೂ ಕಡಿಮೆ. ನಳ ಬಂದ ಕೂಡಲೇ ಬರುವ ಮೊದಲ ನೀರು, ಮತ್ತೆ ಒತ್ತಡ ತೀರಾ ಕಡಿಮೆ ಇದ್ದಾಗಿನ ನೀರು ಹೆಚ್ಚು ಕೆಟ್ಟಿತ್ತು.

ಒತ್ತಡದ ಈ ಲೆಕ್ಕ ನಿಮ್ಮ ಊರಿಗೆ ಹೊಸದೂ ಅಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ, ಬೇಗಂ ತಲಾಬಿನಿಂದ ಊರೊಳಗೆ ನೀರು ತಂದವರು ದಾರಿಯಲ್ಲಿ ‘ಗಂಜ್’ ಅಂತ ಗೋಪುರ ಕಟ್ಟಿದ್ದರು. ಕೊಳವೆಯ ಒತ್ತಡ ಹದಕ್ಕೆ ಬರಲಿ, ಹೂಳು ಅಲ್ಲೇ ಕೂರಲಿ ಅಂತ. ಇವತ್ತಿಗೂ ಕೆಲವು ನಿಂತಿವೆ, ನೋಡಿರುತ್ತೀರಿ.

ಈಗ ನಿಮ್ಮ ಮನೆಯ ಮಾತು. ಮೊದಲ ಹಳದಿ ನೀರನ್ನು ಕುಡಿಯುವ ಕೊಡಕ್ಕೆ ಹಿಡಿಯಲೇಬೇಡಿ, ಅಂಗಳಕ್ಕೆ, ಗಿಡಕ್ಕೆ ಹಾಕಿ. ತಿಳಿ ಬಂದ ಮೇಲೆ ಹಿಡಿದದ್ದನ್ನೂ ಬಟ್ಟೆಯಲ್ಲಿ ಸೋಸಿ ಕುದಿಸಿ. ಗುಳುಗುಳು ಅಂತ ಜೋರು ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಅರ್ಧ ಗಂಟೆ ಗ್ಯಾಸ್ ಸುಡಬೇಕಿಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ. ನೀರು ತೆಗೆಯಲು ಉದ್ದ ಹಿಡಿಕೆಯ ಸೌಟು ಇಡಿ, ಲೋಟ ಹಿಡಿದ ಕೈ ಒಳಗೆ ಅದ್ದಬಾರದು. ಎಷ್ಟೋ ಮನೆಗಳಲ್ಲಿ ಕುದಿಸಿದ ನೀರು ಕೆಡುವುದು ಇಲ್ಲೇ.

ಇನ್ನೊಂದು, ಓಣಿಯಲ್ಲಿ ಯಾರಾದರೂ ನಳಕ್ಕೆ ನೇರ ಮೋಟರ್ ಹಚ್ಚಿ ಎಳೆಯುತ್ತಾರಾ ನೋಡಿ. ನೀವೇ ಹಚ್ಚುತ್ತಿದ್ದರೆ ಇವತ್ತೇ ಬಿಡಿ. ಮೋಟರ್ ಎಳೆದಾಗ ಪೈಪಿನೊಳಗೆ ಒತ್ತಡ ಇಳಿದು ಗಟಾರದ ನೀರನ್ನೂ ಸೇರಿಸಿ ಹೀರುತ್ತದೆ, ಆ ಹೊಲಸು ಒಬ್ಬರ ಮನೆಗೆ ಮಾತ್ರ ಹೋಗುವುದಿಲ್ಲ, ಸಾಲಿನ ಎಲ್ಲರಿಗೂ ಹಂಚಿಕೆ. ನೀರು ತಾನಾಗಿ ನೆಲದ ತೊಟ್ಟಿಗೆ ಬೀಳಲಿ, ಅಲ್ಲಿಂದ ಮೇಲಿನ ಟಾಕಿಗೆ ಮೋಟರ್ ಇರಲಿ.

ಗಟಾರದ ವಾಸನೆ ಬಂದ ದಿನ ಮಾತ್ರ ಕುದಿಸಿಯೂ ಕುಡಿಯಬೇಡಿ. ಬೇರೆ ಕಡೆಯಿಂದ ತನ್ನಿ. ಮನೆಯ ಕನೆಕ್ಷನ್ ಪೈಪು ರಸ್ತೆಯಿಂದ ಹೇಗೆ ಬರುತ್ತದೆ ಅಂತ ಒಮ್ಮೆ ಬಗ್ಗಿ ನೋಡಿ. ಬಹಳ ಕಡೆ ಅದು ಗಟಾರದ ಒಳಗಿಂದಲೇ ದಾಟಿರುತ್ತದೆ, ಒಡೆದ ಕಡೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿರುತ್ತಾರೆ. ಅದರ ಫೋಟೋ ತೆಗೆದು, ಯಾವ ದಿನ ಎಷ್ಟು ಗಂಟೆಗೆ ವಾಸನೆ ಬಂತು ಅಂತ ಬರೆದು, ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಹಾಕಿಸಿ ಲಿಖಿತ ದೂರು ಕೊಡಿ. ನೀರು ಬಿಡುವವನ ಹತ್ತಿರ ಬಾಯಿಮಾತಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಸೊಸೆಯ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ಕೆಟ್ಟ ನೀರಿನಿಂದ ಹರಡುವ ಹೆಪಟೈಟಿಸ್-ಇ ಅನ್ನುವ ಕಾಮಾಲೆ ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಜೀವಕ್ಕೇ ಅಪಾಯ. ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಕೆಟ್ಟ ನೀರು ಕುಡಿದು ಸಾವು ಆದವು, ಊರಿನ ಎಷ್ಟೋ ಜನ ಆಸ್ಪತ್ರೆ ಸೇರಿದರು. ನಮ್ಮ ಮಗ್ಗುಲಲ್ಲೇ ನಡೆದದ್ದು ಇದು.

ಪ್ರಶ್ನೆ: ತಾಮ್ರದ ಕೊಡದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿದರೆ ಫಿಲ್ಟರೇ ಬೇಡ ಅಂತಾರೆ. ಹೌದಾ?
– ನಿವೃತ್ತ ಶಿಕ್ಷಕರು, ಬೈಲಹೊಂಗಲ

ರೋಗಾಣುಗಳ ಮಟ್ಟಿಗೆ ಹಿರಿಯರ ಮಾತಿನಲ್ಲಿ ಹುರುಳಿದೆ ಸರ್. ಬೆಂಗಳೂರಿನ ಸಂಶೋಧಕರು ಬೇಕಂತಲೇ ಭೇದಿಯ ರೋಗಾಣು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದ್ದರು, ರೋಗಾಣು ಸತ್ತಿದ್ದವು. 2012ರಲ್ಲಿ ಅದು ಪ್ರಕಟವಾಗಿದೆ. ಆದರೆ ಸಂಜೆ ತುಂಬಿಸಿ ಬೆಳಿಗ್ಗೆ ಆರಕ್ಕೆ ಕುಡಿದರೆ 16 ಗಂಟೆ ಆಗಲಿಲ್ಲ, ಅಲ್ವಾ? ಕೆಸರು ನೀರಿಗೆ ಇದನ್ನು ನಂಬಬೇಡಿ. ಫ್ಲೋರೈಡ್, ನೈಟ್ರೇಟ್ ಇದರಿಂದ ಹೋಗುವುದಿಲ್ಲ. ಆ ಪಾತ್ರೆಯಲ್ಲಿ ಮಜ್ಜಿಗೆ, ಲಿಂಬು ಪಾನಕ ಇಡಲೇಬಾರದು, ಹುಳಿಗೆ ತಾಮ್ರ ಕರಗುತ್ತದೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಹೊಸ ಹಲ್ಲು ಬಂದಾಗಿಂದ ಮುಂದಿನ ಹಲ್ಲಿನ ಮೇಲೆ ಬಿಳಿ ಮಚ್ಚೆ, ಅಡ್ಡ ಕಂದು ಗೆರೆ. ಸರಿಯಾಗಿ ಹಲ್ಲು ಉಜ್ಜಲ್ಲ ಅಂತ ದಿನಾ ಬೈತೀನಿ. ಸಾಲಿಯಲ್ಲಿ ಇನ್ನೂ ಕೆಲವು ಮಕ್ಕಳಿಗೆ ಹಾಗೇ ಇದೆಯಂತೆ. ನಾವು ಮೊದಲಿಂದ ಬೋರಿನ ನೀರೇ ಕುಡಿಯೋದು. ನೀರು ಸಿಹಿ ಇದೆ, ಕನ್ನಡಿ ಹಾಗೆ ತಿಳಿ ಇದೆ.
– ತಾಯಿ, ಇಳಕಲ್ ಸಮೀಪದ ಹಳ್ಳಿ

ತಂಗಿ, ಮಗನನ್ನು ಬೈಯುವುದು ಮೊದಲು ನಿಲ್ಲಿಸು. ನೀನು ಬರೆದದ್ದು ನೋಡಿದರೆ ಇದು ಉಜ್ಜದ್ದರಿಂದ ಆದದ್ದಲ್ಲ ಅನಿಸುತ್ತದೆ, ಫ್ಲೋರೈಡ್ ಹಲ್ಲು ಇರಬೇಕು. ಒಂದೇ ಸಾಲಿಯ ಹಲವು ಮಕ್ಕಳಿಗೆ ಒಂದೇ ತರ ಗೆರೆ ಇದೆ ಅನ್ನುವುದೇ ದೊಡ್ಡ ಸುಳಿವು. ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ ಖಾತ್ರಿ ಮಾಡಿಕೊ.

ಇಳಕಲ್ ಕೆಂಪು ಗ್ರಾನೈಟಿಗೆ ಹೆಸರಾದ ಊರು. ಇಂಥ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿರುತ್ತವೆ. ಬೋರು ಆಳಕ್ಕೆ ಹೋದಂತೆ ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ, ಫ್ಲೋರೈಡ್ ನಿಧಾನಕ್ಕೆ ಅದರಲ್ಲಿ ಕರಗುತ್ತದೆ. ಯಾವ ಕಾರ್ಖಾನೆಯೂ ಬೇಕಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಸವಳು ನೀರಿಗಿಂತ ಇದೇ ಬಾಯಿಗೆ ಹಿತ ಅನಿಸುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಬೇಡ.

ಹಲ್ಲಿಗೆ ಪೆಟ್ಟು ಬೀಳುವುದು ದವಡೆಯೊಳಗೆ ಹಲ್ಲು ತಯಾರಾಗುವ ವಯಸ್ಸಿನಲ್ಲಿ, ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ತನಕ. ಹೊರಗೆ ಬಂದ ಮೇಲೆ ಎಷ್ಟು ಉಜ್ಜಿದರೂ ಆ ಗೆರೆ ಹೋಗುವುದಿಲ್ಲ, ಒರಟು ಪುಡಿ ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ ಅಷ್ಟೇ. ದೊಡ್ಡವನಾದ ಮೇಲೆ ಡಾಕ್ಟರ್ ಹತ್ತಿರ ಮೇಲ್ಪದರ ಸರಿಮಾಡಿಸಬಹುದು. ಹೆಚ್ಚಿನ ಚಿಂತೆ ಬೇರೆ ಇದೆ. ಇದೇ ನೀರು ಹತ್ತಾರು ವರ್ಷ ಒಳಗೆ ಹೋದರೆ ಮೂಳೆ, ಕೀಲು ಬಿಗಿಯುತ್ತವೆ, ಕುತ್ತಿಗೆ ತಿರುಗುವುದಿಲ್ಲ, ಬೆನ್ನು ಬಾಗುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಹಲ್ಲು ಇನ್ನೂ ಉಳಿಸಬಹುದು, ಅದಕ್ಕೇ ಅವಸರ ಮಾಡು ಅನ್ನುತ್ತಿದ್ದೇನೆ.

ಮಾಡಬೇಕಾದದ್ದು ಇಷ್ಟು. ಕುಡಿಯುವ ನೀರಿನ ಜೊತೆ ಅಡಿಗೆ ನೀರನ್ನೂ ಬದಲಿಸು. ಇದನ್ನು ಬಹಳ ಜನ ಮರೆಯುತ್ತಾರೆ. ಬೇಳೆ, ಅನ್ನ, ಚಹಾ ಎಲ್ಲದಕ್ಕೂ ಅದೇ ಬೋರಿನ ನೀರು ಹಾಕುತ್ತಿದ್ದರೆ ಅರ್ಧ ಕೆಲಸ ಆದಂತೆ ಮಾತ್ರ. ಜಳಕಕ್ಕೆ, ಬಟ್ಟೆಗೆ, ದನಗಳ ಕೊಟ್ಟಿಗೆ ತೊಳೆಯುವುದಕ್ಕೆ ಬೋರಿನದು ನಡೆಯುತ್ತದೆ, ಚರ್ಮದಿಂದ ಅದು ಒಳಗೆ ಹೋಗುವುದಿಲ್ಲ. ಊರಿಗೆ ಬಹುಗ್ರಾಮ ಯೋಜನೆಯ ಹೊಳೆ ನೀರು ಬರುತ್ತಿದ್ದರೆ ಅದನ್ನು ಕುಡಿಯಲು, ಅಡಿಗೆಗೆ ಮೀಸಲಿಡು. ಇಲ್ಲದಿದ್ದರೆ ಆರ್‌ಒ (ಒತ್ತಡ ಹಾಕಿ ಪೊರೆಯಲ್ಲಿ ನೀರು ಸೋಸುವ) ಘಟಕದ ನೀರು, ಅಥವಾ ತಾರಸಿಯ ಮಳೆ ನೀರು. ಮೊದಲ ಒಂದೆರಡು ಮಳೆ ಬಿಟ್ಟು ಹಿಡಿದು, ಸೋಸಿ ಕುದಿಸಿದರೆ ಮಳೆ ನೀರಿನಲ್ಲಿ ಫ್ಲೋರೈಡಿನ ಹೆದರಿಕೆ ಇಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ) ಮಷೀನು ಫ್ಲೋರೈಡ್ ತೆಗೆಯುವುದಿಲ್ಲ. ಮಗನಿಗೆ ಹಾಲು, ಮೊಸರು, ರಾಗಿ, ನುಗ್ಗೆ ಸೊಪ್ಪು, ನೆಲ್ಲಿಕಾಯಿ ಕೊಡು, ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಸರಿಯಾಗಿ ಸಿಕ್ಕ ಮಗುವಿಗೆ ಪೆಟ್ಟು ಕಡಿಮೆ. ಕರಿ ಚಹಾ, ಕಪ್ಪು ಉಪ್ಪು, ಅಡಿಕೆ ದೂರ ಇಡು, ಅವುಗಳಲ್ಲೂ ಫ್ಲೋರೈಡ್ ಇದೆ.

ಪ್ರಶ್ನೆ: ಮನೆಗೆ ಒಬ್ಬ ಆರ್‌ಒ ಮಾರುವವನು ಬಂದಿದ್ದ. ಎರಡು ಗ್ಲಾಸಿನಲ್ಲಿ ನಮ್ಮ ನಳದ ನೀರು ಮತ್ತು ಅವನ ಮಷೀನಿನ ನೀರು ಇಟ್ಟು, ಕರೆಂಟ್ ಕಡ್ಡಿ ಅದ್ದಿದ. ನಮ್ಮದು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೆಸರು ತೇಲಿತು, ಅವನದು ಹಾಗೇ ಇತ್ತು. ‘ನೋಡಿ ಏನು ಕುಡೀತಿದ್ದೀರಿ’ ಅಂದ. ನಳದ ಟಿಡಿಎಸ್ 110 ತೋರಿಸಿತು. ತಗೋಬೇಕಾ?
– ಬ್ಯಾಂಕ್ ನೌಕರ, ಬೆಳಗಾವಿ

ತಗೋಬೇಡಿ. ಆ ಕೆಸರು ನಿಮ್ಮ ನೀರಿನದಲ್ಲ, ಅವನ ಕಡ್ಡಿಯದು. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದಿರುತ್ತದೆ. ನೀರಲ್ಲಿ ಸ್ವಲ್ಪ ಉಪ್ಪಿನಂಶ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಿನ ಬಣ್ಣ ಬರುತ್ತದೆ. ಆರ್‌ಒ ನೀರಲ್ಲಿ ಉಪ್ಪಿನಂಶ ಬಹಳ ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ಬಣ್ಣ ಬರಲಿಲ್ಲ. ಇನ್ನೊಮ್ಮೆ ಬಂದರೆ ಅವನ ಗ್ಲಾಸಿಗೆ ನಿಮ್ಮ ಅಡಿಗೆಮನೆಯ ಒಂದು ಚಿಟಿಕೆ ಉಪ್ಪು ಹಾಕಿ ‘ಈಗ ಅದ್ದು ತಮ್ಮಾ’ ಅನ್ನಿ. ಅದೂ ಕಂದಾಗುತ್ತದೆ. ವಯಸ್ಸಾದವರನ್ನು ಹೆದರಿಸಿ ಹತ್ತು ಹದಿನೈದು ಸಾವಿರ ಕೀಳುವ ಈ ಆಟ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಟಿಡಿಎಸ್ ಅಂದರೆ ನೀರಲ್ಲಿ ಕರಗಿದ ಉಪ್ಪು, ಸುಣ್ಣ ಎಲ್ಲದರ ಒಟ್ಟು. ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಒಳ್ಳೆಯದೇ, ಬೇರೆ ದಾರಿ ಇಲ್ಲದಿದ್ದರೆ 2000ದ ತನಕ. ನಿಮ್ಮದು 110 ಅಂದರೆ ಉಪ್ಪಿನಂಶದ ತೊಂದರೆಯೇ ಇಲ್ಲ. ನಿಮ್ಮ ಊರಿಗೆ ನೀರು ಬರುವ ರಕ್ಕಸಕೊಪ್ಪ, ಹಿಡಕಲ್ ಎರಡೂ ಮಳೆಯಿಂದ ತುಂಬುವ ಜಲಾಶಯ, ಅಲ್ಲಿಯ ನೀರು ಮೃದುವೇ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು, ಯಾಕೆಂದರೆ ಮನೆಯ ಮಷೀನು ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡುವ ನಾವು ಅಷ್ಟು ನೀರು ಮೋರಿಗೆ ಬಿಡಬೇಕಾ?

ಹಾಗಂತ 110 ನೋಡಿ ನಿಶ್ಚಿಂತೆಯಿಂದ ಕೂರಬೇಡಿ. ಟಿಡಿಎಸ್ ಮೀಟರಿಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ. ಗಟಾರದ ನೀರು ಸ್ವಲ್ಪ ಸೇರಿದರೂ ಆ ಮೀಟರ್ 115, 120 ಅಂತ ಏನೋ ತೋರಿಸಿ ಸುಮ್ಮನಾಗುತ್ತದೆ. ನಿಮ್ಮಂಥ ಮನೆಗೆ ಬೇಕಾದದ್ದು ಯುವಿ ಫಿಲ್ಟರ್, ಇಲ್ಲವೇ ಒಳ್ಳೆಯ ಅಲ್ಟ್ರಾ ಫಿಲ್ಟರ್ (ಅತಿ ಸಣ್ಣ ರಂಧ್ರದ ಸೋಸುಕ), ಇಲ್ಲವೇ ಸುಮ್ನೆ ಕುದಿಸುವುದು. ಯುವಿ ಇದ್ದರೆ ನೀರು ತಿಳಿ ಇರಬೇಕು. ಮಳೆಗಾಲದ ರಾಡಿ ನೀರಿನಲ್ಲಿ ಬೆಳಕು ಒಳಗೆ ಹೋಗುವುದಿಲ್ಲ, ರೋಗಾಣು ಕೆಸರಿನ ಮರೆಯಲ್ಲಿ ಉಳಿಯುತ್ತವೆ. ಯುವಿಗೆ ಮುಂಚೆ ನೀರು ಸೋಸುವ ಕ್ಯಾಂಡಲ್ ಆಗಾಗ ಬದಲಿಸುತ್ತಿರಿ.

ಪ್ರಶ್ನೆ: ನಳದ ನೀರು ಹಾಲಿನ ಹಾಗೆ ಬೆಳ್ಳಗೆ ಬರುತ್ತದೆ. ಪೌಡರ್ ಜಾಸ್ತಿ ಹಾಕಿದ್ದಾರಾ?
– ಕಾಲೇಜು ವಿದ್ಯಾರ್ಥಿನಿ, ಗೋಕಾಕ

ಗಾಜಿನ ಲೋಟದಲ್ಲಿ ಹಿಡಿದು ಎರಡು ನಿಮಿಷ ನೋಡಮ್ಮ. ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಬರೀ ಗಾಳಿ ಗುಳ್ಳೆ, ಭಯ ಬೇಡ. ಮೇಲಿಂದ ತಿಳಿಯಾಗಿ ತಳದಲ್ಲಿ ಏನಾದರೂ ಕೂತರೆ ಅದು ಹೂಳು ಅಥವಾ ಸುಣ್ಣ. ಪೌಡರಿನ ಕ್ಲೋರಿನ್ ಜಾಸ್ತಿಯಾದರೆ ಮೂಗಿಗೆ ಗೊತ್ತಾಗುತ್ತದೆ. ನಳದಲ್ಲಿ ಆ ವಾಸನೆ ತುಸು ಇರುವುದು ಒಳ್ಳೆಯ ಲಕ್ಷಣ, ಮಾನಕವೇ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ. ವಾಸನೆ ಹಿಡಿಸದಿದ್ದರೆ ಕುಡಿಯುವ ಮುಂಚೆ ಸ್ವಲ್ಪ ಹೊತ್ತು ಜಾಳಿಗೆ ಬಟ್ಟೆ ಮುಚ್ಚಿಡು, ಹಾರಿ ಹೋಗುತ್ತದೆ.

ಪ್ರಶ್ನೆ: ತೋಟದ ಮನೆಯಲ್ಲಿದ್ದೇವೆ, ಸುತ್ತ ಕಬ್ಬು. ಬೋರಿನ ನೀರೇ ಎಲ್ಲದಕ್ಕೂ. ಮೂರು ತಿಂಗಳ ಕೂಸಿಗೆ ಹಾಲು ಸಾಲದು ಅಂತ ಡಬ್ಬಿ ಹಾಲಿನ ಪುಡಿ ಶುರು ಮಾಡಿದ್ದೇವೆ. ನೀರು ಚೆನ್ನಾಗಿ ಕುದಿಸಿಯೇ ಕಲಸುತ್ತೇವೆ. ಸಾಕಲ್ವಾ?
– ತಂದೆ, ಮುಧೋಳ ತಾಲೂಕು

ಸಾಲದು. ಈ ಪತ್ರ ಬಂದ ದಿನವೇ ನಿಮಗೆ ಉತ್ತರ ಕಳಿಸಿದ್ದೇನೆ, ಆದರೂ ಇಲ್ಲಿ ಹಾಕುತ್ತಿದ್ದೇನೆ, ಯಾಕೆಂದರೆ ಕಬ್ಬಿನ ಸೀಮೆಯಲ್ಲಿ ಇಂಥ ಮನೆಗಳು ಬಹಳ ಇವೆ.

ಹೊಲಕ್ಕೆ ಹಾಕಿದ ಯೂರಿಯಾದಲ್ಲಿ ಬೆಳೆ ಹೀರಿ ಉಳಿದದ್ದು ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗೆ ಇಳಿಯುತ್ತದೆ. ತಿಪ್ಪೆಗುಂಡಿ, ಶೌಚದ ಗುಂಡಿ ಬೋರಿನ ಹತ್ತಿರ ಇದ್ದರೆ ಅದರದ್ದೂ ಸೇರುತ್ತದೆ. ಮಾನಕ ಲೀಟರಿಗೆ 45 ಮಿಲಿಗ್ರಾಂ, ಇದರಲ್ಲಿ ಸಡಿಲಿಕೆಯೇ ಇಲ್ಲ. ಆರು ತಿಂಗಳ ಒಳಗಿನ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ. ತುಟಿ, ಉಗುರು ನೀಲಿಗೆ ತಿರುಗುತ್ತವೆ, ಕೂಸು ಮಂಕಾಗುತ್ತದೆ. ಹಾಗೆ ಕಂಡರೆ ಒಂದು ಕ್ಷಣವೂ ಕಾಯಬೇಡಿ, ಆಸ್ಪತ್ರೆಗೆ ಓಡಿ, ಬೋರಿನ ನೀರು ಕುಡಿಸಿದ್ದನ್ನು ಡಾಕ್ಟರಿಗೆ ಹೇಳಿ. ಮುಂಚೆಯೇ ಹೇಳಿದ ಹಾಗೆ ಕುದಿಸಿದರೆ ನೈಟ್ರೇಟ್ ಜಾಸ್ತಿಯೇ ಆಗುತ್ತದೆ.

ಬೋರಿನ ನೀರನ್ನು ಪರೀಕ್ಷೆಗೆ ಕೊಡಿ, ವರದಿ ಬರುವ ತನಕ ಅದರಲ್ಲಿ ಪುಡಿ ಕಲಸಬೇಡಿ. ಊರಿನ ಹೊಳೆ ನೀರಿನ ನಳದ್ದೋ, ಆರ್‌ಒ ಘಟಕದ್ದೋ ತಂದು, ಅದನ್ನು ಕುದಿಸಿ ಬಳಸಿ. ಅದಕ್ಕಿಂತ ಒಳ್ಳೆಯದು, ಬಾಣಂತಿಗೆ ಹಾಲು ಸಾಲದು ಅಂದದ್ದು ಯಾರು ಅಂತ ಕೇಳಿ. ಆಶಾ ಕಾರ್ಯಕರ್ತೆಯನ್ನು ಕರೆದು ಕೂಸಿನ ತೂಕ ನೋಡಿಸಿ, ಎದೆಹಾಲು ಕುಡಿಸುವ ರೀತಿ ತೋರಿಸಲು ಹೇಳಿ. ಬಹಳ ಸಲ ಹಾಲು ಸಾಕಾಗಿಯೇ ಇರುತ್ತದೆ. ತಾಯಿ ಕುಡಿದ ನೀರಿನ ನೈಟ್ರೇಟ್ ಎದೆಹಾಲಿಗೆ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಎದೆಹಾಲು ಸುರಕ್ಷಿತ. ಆರು ತಿಂಗಳ ತನಕ ಕೂಸಿಗೆ ಬೇರೆ ನೀರು ಕುಡಿಸುವುದೂ ಬೇಡ, ಬೇಸಿಗೆಯಲ್ಲೂ ಬೇಡ.

ಪ್ರಶ್ನೆ: ನಮ್ಮ ಕಡೆ ನೀರು ಸವಳು. ಬೇಳೆ ಬೇಯಲ್ಲ, ಸಾಬೂನು ನೊರೆ ಬರಲ್ಲ, ಹಂಡೆಗೆ ಬಿಳಿ ಪದರ ಕಟ್ಟುತ್ತದೆ. ಇದರಿಂದ ಕಿಡ್ನಿ ಸ್ಟೋನ್ ಆಗುತ್ತಾ?
– ರೈತ, ಇಂಡಿ

ಅದು ಗಡಸು ನೀರು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಜಾಸ್ತಿ ಇರುವುದು. ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಚೆನ್ನ, 600 ಮೇಲಿನ ಮಿತಿ. ಗಡಸು ನೀರಿನಿಂದಲೇ ಕಲ್ಲು ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಇಡೀ ದಿನ ಹೊಲದಲ್ಲಿ ಬೆವರು ಸುರಿಸಿ ಕಡಿಮೆ ನೀರು ಕುಡಿಯುವುದು ಕಲ್ಲಿಗೆ ಹೆಚ್ಚಿನ ಕಾರಣ. ನೀರು ಸವಳು ಅಂತ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ ನೋಡಿ, ಅದೇ ತೊಂದರೆ. ಕುಡಿಯಲಿಕ್ಕೆ ಸಿಹಿ ನೀರು ಬೇರೆ ಇಟ್ಟುಕೊಳ್ಳಿ, ಮೂತ್ರ ತಿಳಿ ಬಣ್ಣ ಬರುವಷ್ಟು ಕುಡಿಯಿರಿ.

ಪ್ರಶ್ನೆ: ಊರಲ್ಲಿ ಶುದ್ಧ ನೀರಿನ ಘಟಕ ಇದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಫಿಲ್ಟರ್ ನೀರೇ ಕುಡಿದರೂ ಮಕ್ಕಳಿಗೆ ಆಗಾಗ ಹೊಟ್ಟೆ ಕೆಡುತ್ತದೆ. ಯಾಕೆ?
– ಅಂಗನವಾಡಿ ಕಾರ್ಯಕರ್ತೆ, ಮುದ್ದೇಬಿಹಾಳ ತಾಲೂಕು

ನಿಮ್ಮ ಕ್ಯಾನಿನ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ. ಗೋಡೆಗೆ ಬೆರಳು ಹೋಗುವಷ್ಟು ದೂರ ತಿಕ್ಕಿ ನೋಡಿ, ಜಾರಿದರೆ ಅದು ಪಾಚಿ, ರೋಗಾಣುಗಳ ಲೋಳೆ. ಆರ್‌ಒ ಘಟಕ ಫ್ಲೋರೈಡ್, ಉಪ್ಪು ತೆಗೆಯುವಾಗ ನೀರಲ್ಲಿದ್ದ ಕ್ಲೋರಿನ್ನನ್ನೂ ತೆಗೆದುಬಿಡುತ್ತದೆ. ಅಂದರೆ ಆ ನೀರಿಗೆ ಕಾವಲು ಇಲ್ಲ. ಹೊಲಸು ಕ್ಯಾನಿಗೆ ಬಿದ್ದರೆ, ಕೈ ತಾಕಿದರೆ, ಬಿಸಿಲಲ್ಲಿ ಮೂರು ದಿನ ಇಟ್ಟರೆ ಬೇಗ ಕೆಡುತ್ತದೆ. ವಾರಕ್ಕೊಮ್ಮೆ ಕ್ಯಾನಿಗೆ ಸ್ವಲ್ಪ ಬಿಸಿನೀರು, ಒಂದು ಹಿಡಿ ದಪ್ಪ ಉಪ್ಪು ಹಾಕಿ ಅಲ್ಲಾಡಿಸಿ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ತಂದ ನೀರು ಒಂದು ದಿನದಲ್ಲಿ ಮುಗಿಯಲಿ, ನೆರಳಲ್ಲಿರಲಿ.

ಘಟಕದ ಕಡೆಗೂ ಕಣ್ಣಿಡಿ. ಬೀಗ ಹಾಕಿದ್ದೇ ಹೆಚ್ಚು, ತೆರೆದಾಗಲೂ ಒಳಗಿನ ಪೊರೆ ಯಾವಾಗ ಬದಲಿಸಿದರು ಅಂತ ಯಾರಿಗೂ ಗೊತ್ತಿಲ್ಲದ ಘಟಕಗಳಿವೆ. ಪೊರೆ ಹಳತಾದರೆ ಬೋರಿನ ಫ್ಲೋರೈಡ್ ಹಾಗೇ ದಾಟಿ ಬರುತ್ತದೆ, ನಾವು ಫಿಲ್ಟರ್ ನೀರು ಅಂತ ನಂಬಿ ಕುಡಿಯುತ್ತೇವೆ. ಕಡೆಯ ಬಾರಿ ಪೊರೆ ಬದಲಿಸಿದ ದಿನ, ನೀರು ಪರೀಕ್ಷೆಯ ವರದಿ ಇವೆರಡನ್ನು ಘಟಕದ ಗೋಡೆಗೆ ಹಚ್ಚಿ ಅಂತ ಪಂಚಾಯ್ತಿಗೆ ಕೇಳಿ. ಅಂಗನವಾಡಿಯವರು ಕೇಳಿದರೆ ತೂಕ ಇರುತ್ತದೆ.

ಪ್ರಶ್ನೆ: ಮೇಲಿನ ಟಾಕಿ ತೊಳೆದು ಬ್ಲೀಚಿಂಗ್ ಪೌಡರ್ ಹಾಕಬೇಕು ಅಂತಾರೆ, ಎಷ್ಟು ಹಾಕಬೇಕು ಅಂತ ಯಾರೂ ಹೇಳಲ್ಲ.
– ನವನಗರ, ಬಾಗಲಕೋಟೆ

ಟಾಕಿ ಖಾಲಿ ಮಾಡಿ, ಗೋಡೆ ಮತ್ತು ತಳ ಬ್ರಷ್‌ನಿಂದ ತಿಕ್ಕಿ, ರಾಡಿ ಪೂರ್ತಿ ಹೊರಗೆ ಹಾಕಿ. ತಿಳಿ ನೀರು ತುಂಬಿಸಿದ ಮೇಲೆ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಕಿರಾಣಿ ಅಂಗಡಿ ತಕ್ಕಡಿಯಲ್ಲಿ 2.5 ಗ್ರಾಂ ತೂಗಲು ಆಗುವುದಿಲ್ಲ, ಅದಕ್ಕೆ 25 ಗ್ರಾಂ ತೂಗಿಸಿ ಕಾಗದದ ಮೇಲೆ ಹತ್ತು ಸಮ ಪಾಲು ಮಾಡಿ, ಒಂದು ಪಾಲು ತಗೊಳ್ಳಿ. ಪುಡಿಯನ್ನು ನೇರ ಟಾಕಿಗೆ ಸುರಿಯಬೇಡಿ. ಬಕೆಟ್‌ನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ಟಾಕಿಗೆ ಹಾಕಿ ಕದಡಿ. ಒಂದು ತಾಸು ಬಿಟ್ಟು ಬಳಸಿ. ಹಳೆಯ, ಗಾಳಿಗೆ ಬಿಟ್ಟ ಪುಡಿಯಲ್ಲಿ ಶಕ್ತಿ ಇರುವುದಿಲ್ಲ, ವಾಸನೆ ಇಲ್ಲದ ಪುಡಿ ತರಬೇಡಿ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಯಾವತ್ತೂ ಸೇರಿಸಬಾರದು, ವಿಷಗಾಳಿ ಬರುತ್ತದೆ. ಟಾಕಿಯ ಮುಚ್ಚಳ ಗಟ್ಟಿ ಇದೆಯಾ, ಹೆಚ್ಚುವರಿ ನೀರು ಹೋಗುವ ಪೈಪಿನ ಬಾಯಿಗೆ ಜಾಳಿಗೆ ಇದೆಯಾ ನೋಡಿ. ಪಾರಿವಾಳ, ಹಲ್ಲಿ ಬೀಳುವುದು ಅಲ್ಲಿಂದಲೇ.

ಪ್ರಶ್ನೆ: ಎಲ್ಲಾ ಕಡೆ ‘ಪರೀಕ್ಷೆ ಮಾಡಿಸಿ’ ಅಂತ ಬರೀತೀರಿ. ಹಳ್ಳಿಯವರು ಎಲ್ಲಿ ಮಾಡಿಸಬೇಕು?
– ಯುವಕ ಸಂಘದ ಸದಸ್ಯ, ರಾಯಬಾಗ ತಾಲೂಕು

ಮೊದಲ ಹೆಜ್ಜೆ ನಿಮ್ಮ ಊರಲ್ಲೇ ಇದೆ ತಮ್ಮಾ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡಬೇಕು. ಪಂಚಾಯ್ತಿಯಲ್ಲಿ ಪಿಡಿಒ ಅವರನ್ನು ಕೇಳಿ, ಆ ಕಿಟ್ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೆ ಹೊರಗೆ ತೆಗೆಸಿ. ಫ್ಲೋರೈಡ್, ನೈಟ್ರೇಟ್, ಗಡಸುತನ, ಉಳಿದ ಕ್ಲೋರಿನ್ ಅಲ್ಲೇ ಅಂದಾಜು ಗೊತ್ತಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಸಣ್ಣ ಬಾಟಲಿ ಇರುತ್ತದೆ, ನೀರು ತುಂಬಿ ಒಂದೆರಡು ದಿನ ಬಿಟ್ಟಾಗ ಕಪ್ಪಾದರೆ ಆ ನೀರಿಗೆ ಹೊಲಸು ಸೇರಿದೆ ಅಂತಲೇ ತಿಳಿಯಬೇಕು.

ಕಿಟ್‌ನಲ್ಲಿ ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಒಯ್ಯಿರಿ, ಸಾರ್ವಜನಿಕರೂ ಸಣ್ಣ ಶುಲ್ಕ ಕೊಟ್ಟು ಮಾಡಿಸಬಹುದು. ರಾಸಾಯನಿಕ ಪರೀಕ್ಷೆಗೆ ಒಂದು ಲೀಟರಿನ ಸ್ವಚ್ಛ ಬಾಟಲಿ ಸಾಕು, ಬೋರು ಐದು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಗಲಬರಿಸಿ ತುಂಬಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಹಾಗಲ್ಲ, ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿ ಬೇಕು, ಅದನ್ನು ತೊಳೆಯಬಾರದು, ಒಳಗೆ ಬೆರಳು ತಾಗಬಾರದು, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು. ಬೇಸಿಗೆಯಲ್ಲೊಮ್ಮೆ, ಮಳೆ ಬಿದ್ದ ಮೇಲೊಮ್ಮೆ ಮಾಡಿಸಿ, ಎರಡರ ಫಲಿತಾಂಶ ಬೇರೆ ಬೇರೆ ಬರಬಹುದು. ವರದಿ ಬಂದ ಮೇಲೆ ಮಿತಿ ಮೀರಿದ ಬೋರು, ಕೈಪಂಪುಗಳ ಮೇಲೆ ‘ಕುಡಿಯಲು ಅಲ್ಲ’ ಅಂತ ಬಣ್ಣದಲ್ಲಿ ಬರೆಸಿ, ವರದಿಯ ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಬೇರೆ ನೀರು ಕೊಡಬೇಕು ಅಂತ ಠರಾವು ಮಾಡಿಸಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ಠರಾವಿನ ನಕಲು ಕೇಳಿ ಪಡೆದು ನಿಮ್ಮ ಸಂಘದಲ್ಲೂ ಒಂದು ಇಟ್ಟುಕೊಳ್ಳಿ.